ಬಿಸಿಯೇರಿದಾಗ ಪ್ರೊಸೆಸರ್ ಬೂಸ್ಟ್ ಕುಸಿಯುತ್ತಿದೆಯೇ? ಅಳೆಯುವುದರಿಂದ ಪೇಸ್ಟ್ ಬದಲಿಸುವವರೆಗೆ ಸಮಗ್ರ ಮಾರ್ಗದರ್ಶಿ

ಪೆಟ್ಟಿಗೆಯ ಮೇಲೆ 4.4 ಗಿಗಾಹರ್ಟ್ಸ್ ಎಂದಿರುತ್ತದೆ. ವಿಡಿಯೊ ರೆಂಡರ್‌ಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದರೆ ವೇಗ 2.8ಕ್ಕೆ ಇಳಿದಿರುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಥರ್ಮಲ್ ಪೇಸ್ಟ್ (ಚಿಪ್‌ನಿಂದ ಕೂಲರ್‌ಗೆ ಬಿಸಿ ದಾಟಿಸುವ ಲೇಪ) ತರಿಸಿ ಮಷೀನು ಬಿಚ್ಚುವುದು. ಪೇಸ್ಟ್ ಬದಲಾಗುತ್ತದೆ, ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಮಿಗುತ್ತವೆ, ವೇಗ ಮಾತ್ರ ಇದ್ದಲ್ಲೇ ಇರುತ್ತದೆ.

ವೇಗ ಬಿಸಿಯಿಂದ ಇಳಿಯಿತೋ ವ್ಯಾಟ್ ಮಿತಿಯಿಂದ ಇಳಿಯಿತೋ ಎಂಬುದು ಮೊದಲು ಗೊತ್ತಾಗಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಇಲ್ಲಿ ಬಿಚ್ಚುವ ಕೆಲಸ ನಾಲ್ಕನೇ ಹಂತಕ್ಕೆ ಬರುತ್ತದೆ. ಅರ್ಧದಷ್ಟು ಮಷೀನುಗಳಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳದಿದ್ದರೆ ಅಚ್ಚರಿಯಿಲ್ಲ. ವಿವರಗಳೆಲ್ಲ ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಹೊಂದುವಂಥವು.

## ಶುರು ಮಾಡುವ ಮುನ್ನ: ಬೂಸ್ಟ್‌ಗೆ ಯಾವ ಬೇಲಿಗಳಿವೆ

ಪ್ರೊಸೆಸರ್ ತನ್ನ ಮೂಲ ವೇಗಕ್ಕಿಂತ ಮೇಲೆ ಓಡುವುದೇ ಬೂಸ್ಟ್. ಆಗ ಅದು ಪ್ರತಿ ಕ್ಷಣವೂ ನಾಲ್ಕು ಸಂಗತಿಗಳನ್ನು ನೋಡಿಕೊಳ್ಳುತ್ತಿರುತ್ತದೆ: ಬಿಸಿ, ವ್ಯಾಟ್, ಕರೆಂಟ್ ಮತ್ತು ಎಷ್ಟು ಕೋರ್‌ಗಳು ಕೆಲಸದಲ್ಲಿವೆ ಎಂಬುದು. ಇವುಗಳಲ್ಲಿ ಯಾವ ಬೇಲಿ ಮೊದಲು ಅಡ್ಡ ಬರುತ್ತದೋ ವೇಗ ಅಲ್ಲಿಗೆ ನಿಲ್ಲುತ್ತದೆ.

ಬಿಸಿಯ ಬೇಲಿ ಇಂಟೆಲ್‌ನ ಹೆಚ್ಚಿನ ಚಿಪ್‌ಗಳಲ್ಲಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 5000 ಸಾಲಿನಲ್ಲಿ ಮಾದರಿಗೆ ತಕ್ಕಂತೆ 90 ಅಥವಾ 95. ರೈಜೆನ್ 7000 ಸಾಲಿನ ಹೆಚ್ಚಿನವುಗಳಲ್ಲಿ 95. ಈ ಸಂಖ್ಯೆಗೆ ಟಿ-ಜೆ ಮ್ಯಾಕ್ಸ್ ಎನ್ನುತ್ತಾರೆ. ನಿಮ್ಮ ಚಿಪ್‌ನ ಸಂಖ್ಯೆಯನ್ನು ತಯಾರಕರ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಬಿಸಿ ಈ ಗಡಿ ಮುಟ್ಟಿದ ಮೇಲಷ್ಟೇ ವೇಗ ಇಳಿಯುತ್ತದೆ ಎಂದುಕೊಳ್ಳುವುದು ತಪ್ಪು. ರೈಜೆನ್‌ಗಳು ಬಿಸಿ ಏರಿದಂತೆ 25 ಮೆಗಾಹರ್ಟ್ಸ್‌ನ ಸಣ್ಣ ಸಣ್ಣ ಮೆಟ್ಟಿಲಲ್ಲಿ ಮೊದಲಿನಿಂದಲೇ ಇಳಿಯುತ್ತ ಬರುತ್ತವೆ. ಇಂಟೆಲ್‌ನ ಐ9-10900ಕೆ ತನ್ನ 5.3 ಗಿಗಾಹರ್ಟ್ಸ್ ತುದಿಯನ್ನು 70 ಡಿಗ್ರಿಯೊಳಗಿದ್ದರೆ ಮಾತ್ರ ಕೊಡುತ್ತದೆ, ದಾಟಿದರೆ 100 ಮೆಗಾಹರ್ಟ್ಸ್ ಕಡಿಮೆ. ಇದರ ಜೊತೆಗೆ ಇನ್ನೊಂದು ಸುಳಿಯಿದೆ. ಚಿಪ್ ಬಿಸಿಯಾದಷ್ಟೂ ಟ್ರಾನ್ಸಿಸ್ಟರ್‌ಗಳಲ್ಲಿ ವಿದ್ಯುತ್ ಸೋರಿಕೆ ಹೆಚ್ಚುತ್ತದೆ. ಅದೇ ಕೆಲಸಕ್ಕೆ ಹೆಚ್ಚು ವ್ಯಾಟ್ ಬೇಕಾಗಿ, ವ್ಯಾಟ್ ಬೇಲಿಯೂ ಬೇಗ ಅಡ್ಡ ಬರುತ್ತದೆ.

ವ್ಯಾಟ್ ಬೇಲಿ ಇಂಟೆಲ್‌ನಲ್ಲಿ ಎರಡು ಹಂತದ್ದು. ಪಿಎಲ್2 ಎಂಬುದು ಸ್ವಲ್ಪ ಹೊತ್ತಿಗೆ ಸಿಗುವ ದೊಡ್ಡ ಮಿತಿ, ಪಿಎಲ್1 ದೀರ್ಘಕಾಲದ್ದು. ಐ5-12400ರಲ್ಲಿ ಇಂಟೆಲ್ ಹೇಳಿರುವ ಲೆಕ್ಕ ಕ್ರಮವಾಗಿ 117 ಮತ್ತು 65 ವ್ಯಾಟ್. ದೊಡ್ಡ ಮಿತಿ ಎಷ್ಟು ಹೊತ್ತು ಎಂಬುದನ್ನು ಟೌ ಎಂಬ ಸಮಯ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು 28 ಅಥವಾ 56 ಸೆಕೆಂಡ್. ಎಎಂಡಿಯಲ್ಲಿ ಒಟ್ಟು ವ್ಯಾಟ್ ಮಿತಿಗೆ ಪಿಪಿಟಿ ಎಂದು ಹೆಸರು. 65 ವ್ಯಾಟ್ ಎಂದು ಬರೆದಿರುವ ರೈಜೆನ್ 5 7600ಕ್ಕೆ 88, 170 ವ್ಯಾಟ್ ಎಂದಿರುವ 7950ಎಕ್ಸ್‌ಗೆ 230.

ಪೆಟ್ಟಿಗೆಯ ಮೇಲಿನ ವೇಗ ಒಂದೆರಡು ಕೋರ್‌ಗಳಿಗಷ್ಟೇ ಸಲ್ಲುವಂಥದ್ದು. ಐ5-12400ಕ್ಕೆ 4.4 ಎಂದಿದ್ದರೂ ಆರೂ ಕೋರ್‌ಗಳು ದುಡಿಯುವಾಗ ತುದಿ 4.0 ಗಿಗಾಹರ್ಟ್ಸ್. ಆ ಹೊತ್ತಿನಲ್ಲಿ 4.0 ಕಂಡರೆ ಅದು ದೋಷವಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಐ5-1135ಜಿ7ರ ಮೂಲ ವೇಗ 28 ವ್ಯಾಟ್‌ಗೆ 2.4, 12 ವ್ಯಾಟ್‌ಗೆ 0.9 ಗಿಗಾಹರ್ಟ್ಸ್. ಯಾವುದನ್ನು ಇಡಬೇಕೆಂದು ಲ್ಯಾಪ್‌ಟಾಪ್ ಕಂಪನಿ ತೀರ್ಮಾನಿಸುತ್ತದೆ. ಹೀಗಾಗಿ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಚಿಪ್ ಜೋರಾಗಿ ಓಡುತ್ತಿದ್ದರೆ ನಿಮ್ಮದು ಕೆಟ್ಟಿದೆ ಎಂದಲ್ಲ.

## ಬೇಕಾಗುವ ಸಾಮಾನು

ಅಳೆಯಲು: ಬಿಸಿ, ವ್ಯಾಟ್, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ64 ಮತ್ತು ಪ್ರೊಸೆಸರ್‌ಗೆ ಪೂರ್ಣ ಹೊರೆ ಹಾಕುವ ಸಿನೆಬೆಂಚ್ ಆರ್23, ಎರಡೂ ಉಚಿತ ಪ್ರೋಗ್ರಾಂಗಳು. ಕೋಣೆಯ ಬಿಸಿ ನೋಡಲು ಒಂದು ಸಾದಾ ಥರ್ಮಾಮೀಟರ್. ಒಂದು ನೋಟ್‌ಬುಕ್.

ಬಿಚ್ಚಲು (ನಾಲ್ಕನೇ ಹಂತಕ್ಕೆ ಹೋದರೆ ಮಾತ್ರ): ಪಿಎಚ್0 ಮತ್ತು ಪಿಎಚ್1 ಫಿಲಿಪ್ಸ್ ಸ್ಕ್ರೂಡ್ರೈವರ್, ಕೆಲವು ಲ್ಯಾಪ್‌ಟಾಪ್‌ಗಳಿಗೆ ಟಿ5 ಟಾರ್ಕ್ಸ್, ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಿಕ್, ಮೆತ್ತನೆಯ ಬ್ರಶ್, ಕೈಯಲ್ಲಿ ಅದುಮುವ ರಬ್ಬರ್ ಬ್ಲೋವರ್, ನೂಲು ಬಿಡದ ಬಟ್ಟೆ ಅಥವಾ ಕಾಫಿ ಫಿಲ್ಟರ್ ಕಾಗದ, ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಒಳ್ಳೆಯ ಥರ್ಮಲ್ ಪೇಸ್ಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುತ್ತವೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಬೇಡ. ಅವುಗಳಲ್ಲಿ ನೀರು ಹೆಚ್ಚು, ಕೆಲವದರಲ್ಲಿ ಚರ್ಮಕ್ಕೆಂದು ಸೇರಿಸಿದ ಎಣ್ಣೆ ಅಂಶವೂ ಇದ್ದು ಚಿಪ್ ಮೇಲೆ ಪದರವಾಗಿ ಉಳಿಯುತ್ತದೆ.

## ಹಂತ 1: ಏನೂ ಮುಟ್ಟದೆ ಅಳೆಯಿರಿ

1. ಲ್ಯಾಪ್‌ಟಾಪ್ ಆದರೆ ಅದರದೇ ಚಾರ್ಜರ್ ಹಾಕಿ, ಗಟ್ಟಿ ಮೇಜಿನ ಮೇಲಿಡಿ. ಕೋಣೆಯ ಬಿಸಿಯನ್ನು ಬರೆದುಕೊಳ್ಳಿ. ಈ ಒಂದು ಸಾಲನ್ನು ಬಿಟ್ಟವರೇ ಕೊನೆಯಲ್ಲಿ ಲೆಕ್ಕ ತಪ್ಪುವುದು.

2. ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಯಾವುದಿದೆ ನೋಡಿ ಬರೆಯಿರಿ. ಬ್ರೌಸರ್, ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ಎಲ್ಲ ನಿಲ್ಲಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬಳಕೆ ಶೇ. 5ರ ಆಸುಪಾಸಿಗೆ ಬರಬೇಕು.

3. ಎಚ್‌ಡಬ್ಲ್ಯೂಇನ್ಫೋವನ್ನು ಸೆನ್ಸರ್ಸ್ ಓನ್ಲಿ ಆಯ್ಕೆಯಲ್ಲಿ ತೆರೆಯಿರಿ. ನೋಡಬೇಕಾದ ಸಾಲುಗಳು ಐದು: ಸಿಪಿಯು ಪ್ಯಾಕೇಜ್ ಬಿಸಿ (ಎಎಂಡಿಯಲ್ಲಿ ಟಿ-ಕಂಟ್ರೋಲ್ ಅಥವಾ ಟಿ-ಡೈ), ಪ್ರತಿ ಕೋರ್‌ನ ಬಿಸಿ, ಪ್ಯಾಕೇಜ್ ಪವರ್, ಎಫೆಕ್ಟಿವ್ ಕ್ಲಾಕ್, ಮತ್ತು ಮಿತಿ ತಗಲಿದ್ದಕ್ಕೆ ಕಾರಣ ಹೇಳುವ ಸಾಲುಗಳು. ವೇಗಕ್ಕೆ ಬರಿಯ ಕೋರ್ ಕ್ಲಾಕ್ ನೋಡಬೇಡಿ. ಕೋರ್ ಮಲಗಿದ್ದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ನಿಜಕ್ಕೂ ಎಷ್ಟು ಓಡಿತು ಎನ್ನುವುದು ಎಫೆಕ್ಟಿವ್ ಕ್ಲಾಕ್.

4. ಹತ್ತು ನಿಮಿಷ ಸುಮ್ಮನೆ ಬಿಡಿ. ಬಿಡುವಿನ ಬಿಸಿ ಬರೆದುಕೊಂಡು, ಕೆಳಗಿನ ಗಡಿಯಾರದ ಗುಂಡಿ ಒತ್ತಿ ಕನಿಷ್ಠ-ಗರಿಷ್ಠ ಅಂಕಣಗಳನ್ನು ಸೊನ್ನೆ ಮಾಡಿ.

5. ಸಿನೆಬೆಂಚ್ ಆರ್23ರಲ್ಲಿ ಮಲ್ಟಿ ಕೋರ್ ಪರೀಕ್ಷೆ ಶುರು ಮಾಡಿ. ಅದು ಹತ್ತು ನಿಮಿಷ ಓಡುವಂತೆಯೇ ಬಂದಿರುತ್ತದೆ, ಅದನ್ನು ಬದಲಿಸಬೇಡಿ. 10ನೇ ಸೆಕೆಂಡ್, 1ನೇ ನಿಮಿಷ ಮತ್ತು 9ನೇ ನಿಮಿಷದಲ್ಲಿ ಬಿಸಿ, ವ್ಯಾಟ್, ವೇಗ ಮೂರನ್ನೂ ಬರೆಯಿರಿ. ಒಂದು ನಿಮಿಷಕ್ಕೇ ನಿಲ್ಲಿಸಿದರೆ ಟೌ ಮುಗಿದ ಮೇಲಿನ ಚಿತ್ರ ಸರಿಯಾಗಿ ಸಿಗುವುದಿಲ್ಲ. ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್‌ನ ಲೋಹ ಪೂರ್ತಿ ಕಾಯಲೂ ಅಷ್ಟು ಹೊತ್ತು ಸಾಲದು.

## ಹಂತ 2: ಬಿಸಿ ಏರಿದ ರೀತಿಯನ್ನು ಓದಿ

ಎಲ್ಲ ಹಂತಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಬಿಸಿ ಎಷ್ಟಾಯಿತು ಎನ್ನುವುದಕ್ಕಿಂತ ಎಷ್ಟು ಬೇಗ ಆಯಿತು ಎನ್ನುವುದು ರೋಗವನ್ನು ಚೆನ್ನಾಗಿ ಹೇಳುತ್ತದೆ.

ಎರಡು-ಮೂರು ಸೆಕೆಂಡಿನಲ್ಲೇ 45ರಿಂದ 95ಕ್ಕೆ ಹಾರಿದರೆ ಬಿಸಿ ಚಿಪ್‌ನಿಂದ ಲೋಹಕ್ಕೆ ದಾಟುತ್ತಿಲ್ಲ. ಪೇಸ್ಟ್ ಒಣಗಿದೆ, ಕೂಲರ್ ಸರಿಯಾಗಿ ಕೂತಿಲ್ಲ, ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಹಾಕಲಾಗಿದೆ, ಇಲ್ಲವೇ ಲಿಕ್ವಿಡ್ ಕೂಲರ್ ಆದರೆ ಪಂಪ್ ನಿಂತಿದೆ. ಪರೀಕ್ಷೆ ನಿಲ್ಲಿಸಿದ ಕೂಡಲೇ ಬಿಸಿ ಅಷ್ಟೇ ವೇಗವಾಗಿ ಕೆಳಗೆ ಬೀಳುವುದು, ಹೊರಗೆ ಬರುವ ಗಾಳಿ ಬೆಚ್ಚಗೂ ಇಲ್ಲದಿರುವುದು ಇದರ ಜೊತೆಯ ಗುರುತುಗಳು. ಐದನೇ ಹಂತಕ್ಕೆ ಹೋಗಿ. ಒಂದು ಎಚ್ಚರಿಕೆ: 200 ವ್ಯಾಟ್ ದಾಟುವ ಚಿಪ್‌ಗಳು ಆರೋಗ್ಯವಾಗಿದ್ದಾಗಲೂ ಹೀಗೆ ಹಾರುತ್ತವೆ. ರೈಜೆನ್ 7950ಎಕ್ಸ್‌ನಂಥವು ಪೂರ್ಣ ಹೊರೆಯಲ್ಲಿ 95 ಡಿಗ್ರಿಯವರೆಗೆ ಹೋಗಿ, ಅಲ್ಲಿ ಸಿಗುವಷ್ಟು ವೇಗ ಕೊಡುವಂತೆಯೇ ರೂಪುಗೊಂಡಿವೆ.

ಐದಾರು ನಿಮಿಷದಲ್ಲಿ ನಿಧಾನವಾಗಿ ಏರಿ ಗಡಿ ಮುಟ್ಟಿದರೆ ಬಿಸಿ ಲೋಹಕ್ಕೆ ದಾಟಿದೆ, ಲೋಹದಿಂದ ಗಾಳಿಗೆ ದಾಟುತ್ತಿಲ್ಲ. ಧೂಳು, ಮುಚ್ಚಿಹೋದ ಗಾಳಿಕಿಂಡಿ, ನಿಧಾನ ತಿರುಗುವ ಫ್ಯಾನ್ ಅಥವಾ ಕೋಣೆಯ ಸೆಕೆ ಕಾರಣ. ಮೂರು, ನಾಲ್ಕನೇ ಹಂತ ಸಾಕು. ಪೇಸ್ಟ್ ತರಿಸುವ ಮೊದಲು ಇದನ್ನು ಮಾಡಿ ನೋಡಿ.

ಬಿಸಿ 65-75ರಲ್ಲೇ ಇದ್ದು ವೇಗ ಒಮ್ಮೆಲೇ ಇಳಿದರೆ ಅದು ವ್ಯಾಟ್ ಬೇಲಿ. 28 ಅಥವಾ 56 ಸೆಕೆಂಡಿನ ಆಸುಪಾಸಿನಲ್ಲಿ ಇಳಿದು, ಪ್ಯಾಕೇಜ್ ಪವರ್ ಒಂದೇ ದುಂಡು ಸಂಖ್ಯೆಯಲ್ಲಿ (15, 28, 45, 65) ಗೆರೆ ಎಳೆದಂತೆ ನಿಂತಿದ್ದರೆ ಸಂಶಯವೇ ಬೇಡ, ಪಿಎಲ್1 ಕೆಲಸ ಮಾಡುತ್ತಿದೆ. ಇಲ್ಲಿ ಪೇಸ್ಟ್ ಬದಲಿಸಿದರೆ ಸಿಗುವುದು ಅತ್ಯಲ್ಪ. ಮೊದಲು ಹೇಳಿದ ಆ ಮಿಕ್ಕ ಸ್ಕ್ರೂಗಳ ಕಥೆ ಹೆಚ್ಚಾಗಿ ಇದೇ ಮಷೀನುಗಳದ್ದು.

ವೇಗ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಬಿದ್ದು ಅಲ್ಲೇ ಅಂಟಿಕೊಂಡರೆ ಬೇರೆ ಯಾವುದೋ ಭಾಗ ಪ್ರೊಸೆಸರ್‌ಗೆ ನಿಲ್ಲು ಎನ್ನುತ್ತಿದೆ. ಲ್ಯಾಪ್‌ಟಾಪ್‌ಗಳಲ್ಲಿ ಗುರುತು ಸಿಗದ ಅಥವಾ ಕಡಿಮೆ ವ್ಯಾಟ್‌ನ ಚಾರ್ಜರ್, ಕೆಟ್ಟ ಬ್ಯಾಟರಿ ಇದಕ್ಕೆ ಹಳೆಯ ಕಾರಣಗಳು. ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗ ಕಾದಿರಬಹುದು. ಅಗ್ಗದ ಬೋರ್ಡಿನಲ್ಲಿ, ಆ ಭಾಗದ ಮೇಲೆ ಹೀಟ್‌ಸಿಂಕ್ ಇಲ್ಲದೆ, ದೊಡ್ಡ ಚಿಪ್ ಹಾಕಿದಾಗ ಹೀಗಾಗುತ್ತದೆ. ಆಗಲೂ ಸಿಪಿಯು ಬಿಸಿ ಕಡಿಮೆಯೇ ಕಾಣುತ್ತದೆ.

ಒಂದು ಕೋರ್ ಉಳಿದವಕ್ಕಿಂತ 15-20 ಡಿಗ್ರಿ ಹೆಚ್ಚಿದ್ದರೆ ಕೂಲರ್ ಓರೆಯಾಗಿ ಕೂತಿದೆ ಅಥವಾ ಪೇಸ್ಟ್ ಒಂದು ಕಡೆ ಹರಡಿಲ್ಲ. 5-8 ಡಿಗ್ರಿ ವ್ಯತ್ಯಾಸ ಸಹಜ.

ಊಹೆಯನ್ನು ಖಚಿತಪಡಿಸಿಕೊಳ್ಳಲು ಕಾರಣದ ಸಾಲುಗಳನ್ನು ನೋಡಿ. ಇಂಟೆಲ್‌ನಲ್ಲಿ ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸುವುದು) ಅಥವಾ ಪ್ರೊಕ್‌ಹಾಟ್ (ಪ್ರೊಸೆಸರ್ ಬಿಸಿಯಾಯಿತು ಎಂಬ ಸೂಚನೆ) ಎಂಬುದರ ಮುಂದೆ ಯೆಸ್ ಇದ್ದರೆ ಬಿಸಿ, ಪಿಎಲ್1 ಅಥವಾ ಪಿಎಲ್2 ಮುಂದೆ ಇದ್ದರೆ ವ್ಯಾಟ್. ಎಎಂಡಿಯಲ್ಲಿ ಪಿಪಿಟಿ (ವ್ಯಾಟ್), ಟಿಡಿಸಿ ಮತ್ತು ಇಡಿಸಿ (ಎರಡೂ ಕರೆಂಟ್) ಮಿತಿಗಳು ಶೇಕಡಾವಾರು ಕಾಣುತ್ತವೆ. 100 ಮುಟ್ಟಿರುವುದೇ ಕಾರಣ. ಪ್ರೊಕ್‌ಹಾಟ್ ಎಕ್ಸ್‌ಟರ್ನಲ್ ಎಂದಿದ್ದರೆ ನಿಲ್ಲು ಎಂಬ ಸೂಚನೆ ಚಿಪ್‌ನ ಹೊರಗಿನಿಂದ ಬಂದಿದೆ. ಗರಿಷ್ಠ ಅಂಕಣದಲ್ಲಿ ಒಂದು ಸಲ ಯೆಸ್ ಬಂದದ್ದಕ್ಕೆ ಗಾಬರಿ ಬೇಡ, ಪ್ರೋಗ್ರಾಂ ತೆರೆಯುವಾಗಿನ ಕ್ಷಣದ ಜಿಗಿತಕ್ಕೂ ಅದು ಹೊತ್ತಿಕೊಳ್ಳುತ್ತದೆ. ಈಗಿನ ಅಂಕಣದಲ್ಲಿ ನಿಂತಿದೆಯೇ ಎಂದು ನೋಡಿ.

ಥ್ರಾಟಲ್‌ಸ್ಟಾಪ್ ಎಂಬ ಪ್ರೋಗ್ರಾಂನಲ್ಲಿ, ಹೊರಗಿನ ಭಾಗಗಳ ಈ ಸೂಚನೆಗೆ ಕಿವಿಗೊಡುವ ಬಿ.ಡಿ. ಪ್ರೊಕ್‌ಹಾಟ್ (BD PROCHOT) ಎಂಬ ಆಯ್ಕೆಯ ಗುರುತು ತೆಗೆದರೆ ವೇಗ ತಿರುಗಿ ಬರುತ್ತದೆ ಎಂಬ ಸಲಹೆ ವಿಡಿಯೊಗಳಲ್ಲಿ ಹೇರಳವಾಗಿ ಸಿಗುತ್ತದೆ. ಬರುತ್ತದೆ, ನಿಜ. ಆದರೆ ಕೂಗಿದ ಭಾಗ ವಿಆರ್‌ಎಂ ಆಗಿದ್ದರೆ ಅದರ ಬಾಯಿ ಮುಚ್ಚಿಸಿದಂತಾಯಿತು. ಸರಿಯಾದ ಚಾರ್ಜರ್ ಹಾಕಿ, ಬ್ಯಾಟರಿ ಪರೀಕ್ಷಿಸಿ, ತಪ್ಪು ಸೂಚನೆ ಎಂದು ಖಚಿತವಾಗದೆ ಅದನ್ನು ಮುಟ್ಟಬೇಡಿ.

## ಹಂತ 3: ಬಿಚ್ಚದೆ ಮಾಡುವ ಕೆಲಸ

1. ಲ್ಯಾಪ್‌ಟಾಪ್‌ನ ಹಿಂಬದಿಯನ್ನು ಎರಡು-ಮೂರು ಸೆಂಟಿಮೀಟರ್ ಎತ್ತರಿಸಿ. ಎರಡು ಬಾಟಲಿ ಮುಚ್ಚಳ ಸಾಕು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಗಾಳಿ ಎಳೆಯುವುದು ಅಡಿಯಿಂದ. ಹಾಸಿಗೆ, ತಲೆದಿಂಬು, ಮಡಿಲ ಮೇಲಿನ ಟವೆಲು ಎಲ್ಲವೂ ಆ ಕಿಂಡಿಗೆ ಬಿರಡೆ.

2. ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಸೈಲೆಂಟ್ ಅಥವಾ ಕ್ವಯಟ್ ಮೋಡ್ ಇದ್ದರೆ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಸೈಲೆಂಟ್ ಮೋಡ್ ಫ್ಯಾನಿನ ಜೊತೆ ವ್ಯಾಟ್ ಮಿತಿಯನ್ನೂ ಇಳಿಸಿರುತ್ತದೆ. ವಿಂಡೋಸ್‌ನ ಪವರ್ ಮೋಡ್ ಬದಲಿಸಿದರೆ ಇದು ತಾನಾಗಿ ಬದಲಾಗುತ್ತದೆ ಎಂದು ನಂಬಬೇಡಿ.

3. ಪವರ್ ಪ್ಲಾನ್‌ನ ಸುಧಾರಿತ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ನೋಡಿ. ಅಲ್ಲಿ 99 ಇದ್ದರೆ ಬೂಸ್ಟ್ ಪೂರ್ತಿ ಬಂದ್ ಆಗುತ್ತದೆ. ಯಾವತ್ತೋ ಬಿಸಿ ಕಡಿಮೆಯಾಗಲಿ ಎಂದು ಯಾರೋ ಹಾಕಿಕೊಟ್ಟು ಮರೆತಿರುತ್ತಾರೆ. 100 ಮಾಡಿ ಮತ್ತೆ ಅಳೆಯಿರಿ.

4. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದು ಅದೇ ಪರೀಕ್ಷೆ ಇನ್ನೊಮ್ಮೆ ಓಡಿಸಿ. ಬಿಸಿ 5 ಡಿಗ್ರಿಗಿಂತ ಹೆಚ್ಚು ಇಳಿದರೆ ದೋಷ ಕೂಲರ್‌ನದ್ದಲ್ಲ, ಕ್ಯಾಬಿನೆಟ್ಟಿನ ಗಾಳಿಯದು. ಮುಂದಿನ ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಫ್ಯಾನ್‌ಗಳ ದಿಕ್ಕು ನೋಡಿ: ಮೋಟರನ್ನು ಹಿಡಿದಿರುವ ಕಡ್ಡಿಗಳು ಯಾವ ಬದಿಗಿವೆಯೋ ಗಾಳಿ ಆ ಬದಿಗೆ ಹೊರಡುತ್ತದೆ. ಮುಂದಿನದು ಒಳಗೆ, ಹಿಂದಿನದು ಮತ್ತು ಮೇಲಿನದು ಹೊರಗೆ. ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಗೂಡಿನಲ್ಲಿ ಕ್ಯಾಬಿನೆಟ್ ಕೂರಿಸಿದ್ದರೆ ಮೊದಲು ಅದನ್ನು ಅಲ್ಲಿಂದ ಎಬ್ಬಿಸಿ.

ಕೂಲಿಂಗ್ ಪ್ಯಾಡ್ ಬಗ್ಗೆ: ಅಡಿಯಲ್ಲಿ ದೊಡ್ಡ ಜಾಲರಿಯಿರುವ ಲ್ಯಾಪ್‌ಟಾಪ್‌ಗೆ ಕೆಲವು ಡಿಗ್ರಿ ಲಾಭವಿದೆ. ಕಿಂಡಿಯೇ ಇಲ್ಲದ ಕಡೆ ಊದಿದರೆ ತಗಡು ತಣ್ಣಗಾಗುತ್ತದೆ, ಅಷ್ಟೆ.

## ಹಂತ 4: ಧೂಳು ತೆಗೆಯುವುದು

ವಾರಂಟಿ ಇದ್ದರೆ ಅದರ ಷರತ್ತು ಓದಿಕೊಂಡೇ ಮುಂದುವರಿಯಿರಿ. ಹಿಂದಿನ ಮುಚ್ಚಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ಚಾರ್ಜರ್ ಕಿತ್ತು, ಸರ್ವೀಸ್‌ನವರಿಗೆ ಕೊಡಿ. ಪಿಕ್ ಅಥವಾ ಸ್ಕ್ರೂಡ್ರೈವರ್ ತಾಗಿ ಅದು ತೂತಾದರೆ ಬೆಂಕಿ ಹತ್ತುತ್ತದೆ.

1. ಶಟ್‌ಡೌನ್ ಮಾಡಿ (ಸ್ಲೀಪ್ ಅಲ್ಲ), ಚಾರ್ಜರ್ ತೆಗೆಯಿರಿ. ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಅಡಿಭಾಗದ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಇಡಿ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆಯ ತಗಡು ಉಬ್ಬುತ್ತದೆ. ರಬ್ಬರ್ ಪಾದಗಳ ಕೆಳಗೆ ಅಡಗಿದ ಸ್ಕ್ರೂ ಇವೆಯೇ ನೋಡಿ. ಎಳೆದರೂ ಮುಚ್ಚಳ ಬಾರದಿದ್ದರೆ ಎಲ್ಲೋ ಒಂದು ಉಳಿದಿದೆ.

2. ಒಳಗೆ ಕೈ ಹಾಕಿದಾಗ ಮೊದಲು ತೆಗೆಯಬೇಕಾದದ್ದು ಬ್ಯಾಟರಿಯ ಕನೆಕ್ಟರ್. ಉಳಿದುದೆಲ್ಲ ಆಮೇಲೆ.

3. ಫ್ಯಾನಿನ ಸ್ಕ್ರೂ ಬಿಚ್ಚಿ, ವೈರು ಹಿಡಿದು ಎಳೆಯದೆ ಕನೆಕ್ಟರನ್ನೇ ಹಿಡಿದು ಬಿಡಿಸಿ. ಫ್ಯಾನ್ ಎತ್ತಿದಾಗ ಅದರ ಬಾಯಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯ ಹಾಗೆ ಹೆಪ್ಪುಗಟ್ಟಿದ ಧೂಳು ಕಾಣುತ್ತದೆ. ಬೂಸ್ಟ್ ನುಂಗುತ್ತಿದ್ದ ಕಳ್ಳ ಅದು. ಹೊರಗಿನಿಂದ ಊದಿದರೆ ಅದು ಹಿಂದಕ್ಕೆ ಸರಿದು ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆಯೇ ಹೊರತು ಆಚೆ ಬರುವುದಿಲ್ಲ. ಚಿಮುಟದಲ್ಲಿ ಹಿಡಿದು ಎಳೆಯಿರಿ, ಉಳಿದದ್ದನ್ನು ಬ್ರಶ್ಶಿನಲ್ಲಿ ತೆಗೆಯಿರಿ.

4. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ತಡೆಯಿರಿ. ಗಾಳಿಯ ಹೊಡೆತಕ್ಕೆ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಬೋರ್ಡಿಗೆ ತಗುಲಿಕೊಂಡೇ ಇದ್ದರೆ ಮೋಟರ್ ಡೈನಮೋ ಆಗಿ ಹಿಮ್ಮುಖ ವಿದ್ಯುತ್ ಹರಿಸುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೋರ್ಡಿನ ಹತ್ತಿರ ಬೇಡ, ಸ್ಥಾಯೀ ವಿದ್ಯುತ್ತಿನ ಭಯವಿದೆ.

ಜೋಡಿಸಿ ಮತ್ತೆ ಅಳೆಯಿರಿ. ನಿಧಾನ ಏರುವ ಬಗೆಯ ಮಷೀನಾಗಿದ್ದರೆ ಇಲ್ಲಿಗೇ ಮುಗಿದಿರುವ ಸಾಧ್ಯತೆ ಹೆಚ್ಚು.

## ಹಂತ 5: ಥರ್ಮಲ್ ಪೇಸ್ಟ್ ಬದಲಿಸುವುದು

ಕೂಲರ್ ಎತ್ತುವುದು. ಎಎಂ4 ಸಾಕೆಟ್‌ನ ರೈಜೆನ್‌ನಲ್ಲಿ ಆಗುವ ಅನಾಹುತ ಇದು: ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ನೇರ ಎತ್ತಿದಾಗ ಕೂಲರ್ ಜೊತೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಅಡಿಯ ಪಿನ್ನುಗಳು ಬಾಗುತ್ತವೆ. ಅದಕ್ಕೇ ಮೊದಲು ಸಿನೆಬೆಂಚ್ ಐದು-ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲಿ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಹಿಡಿಕೆ ಬಿಡಿಸಿ ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿ. ಸಡಿಲವಾದ ಮೇಲೆ ಎತ್ತಿ. ಇಂಟೆಲ್‌ನಲ್ಲಿ ಪಿನ್ನುಗಳು ಸಾಕೆಟ್‌ನಲ್ಲಿರುವುದರಿಂದ ಈ ಭಯವಿಲ್ಲ.

ಲ್ಯಾಪ್‌ಟಾಪ್‌ನ ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಹಾಕುವಾಗ 1ರಿಂದ 4ಕ್ಕೆ. ಒಂದನ್ನೇ ಪೂರ್ತಿ ಬಿಗಿಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಿ. ಲ್ಯಾಪ್‌ಟಾಪ್ ಚಿಪ್‌ನ ಮೇಲೆ ಲೋಹದ ಟೋಪಿ ಇರುವುದಿಲ್ಲ. ಒಂದು ಮೂಲೆಗೆ ಭಾರ ಬಿದ್ದರೆ ಸಿಲಿಕಾನ್ ಚೂರು ಹಾರುತ್ತದೆ, ಅಲ್ಲಿಗೆ ಬೋರ್ಡಿನ ಆಯುಷ್ಯ ಮುಗಿಯಿತು.

ಒರೆಸುವುದು. ಹಳೆಯದು ಗೋಡೆಯ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರಿದರೆ ಬದಲಿಸಿದ್ದು ಸಾರ್ಥಕ. ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಚಿಪ್ ಮತ್ತು ತಾಮ್ರ ಎರಡನ್ನೂ ಹೊಳೆಯುವವರೆಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಬೆರಳು ತಾಗಿಸಬೇಡಿ. ಬ್ಲೇಡ್, ಸ್ಟೀಲ್ ಉಜ್ಜು ಬೇಡವೇ ಬೇಡ.

ಹಾಕುವುದು. ಚೌಕಾಕಾರದ ಡೆಸ್ಕ್‌ಟಾಪ್ ಚಿಪ್‌ಗೆ ನಡುವೆ ಬಟಾಣಿ ಕಾಳಿನಷ್ಟು. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಉದ್ದನೆಯ ಚಿಪ್‌ಗಳಿಗೆ ನಡುವಿನ ಬೊಟ್ಟು ತುದಿಗಳಿಗೆ ತಲುಪದು. ನಾಲ್ಕು ಮೂಲೆಗೆ ಸಾಸಿವೆಯಷ್ಟು ಸಣ್ಣ ಬೊಟ್ಟುಗಳನ್ನು ಸೇರಿಸಿ. ಲ್ಯಾಪ್‌ಟಾಪ್‌ನ ಬರಿಯ ಸಿಲಿಕಾನ್‌ಗೆ ತೆಳುವಾಗಿ ಇಡೀ ಮೇಲ್ಮೈ ಮುಚ್ಚುವಂತೆ ಸವರುವುದು ಒಳ್ಳೆಯದು, ಅಲ್ಲಿ ಒಂದು ಅಂಚು ಬಿಟ್ಟುಹೋದರೂ ಆ ಕೋರ್ ಉರಿಯುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬ ಲೆಕ್ಕವಿಲ್ಲ. ಪೇಸ್ಟ್ ಇರುವುದು ಲೋಹದ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬಲು. ದಪ್ಪ ಪದರವಾದರೆ ಅದೇ ತಡೆ.

ಟೂತ್‌ಪೇಸ್ಟ್ ಹಾಕಿದರೂ ನಡೆಯುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಮೊದಲ ದಿನ ನಡೆಯುತ್ತದೆ. ನೀರಿನ ಅಂಶ ಆರಿದ ಮೇಲೆ ಮತ್ತೆ ಮೊದಲಿನಂತೆ ಬಿಚ್ಚುವ ಕೆಲಸ.

ಲಿಕ್ವಿಡ್ ಮೆಟಲ್ ಹೊಸಬರಿಗಲ್ಲ. ಅದು ವಿದ್ಯುತ್ ವಾಹಕ, ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್. ಅಲ್ಯೂಮಿನಿಯಂ ತಳವನ್ನು ತಿಂದುಹಾಕುತ್ತದೆ. ಲ್ಯಾಪ್‌ಟಾಪ್‌ಗೆ ಈಚೆಗೆ ಹೆಚ್ಚು ಒಗ್ಗಿರುವುದು ಹನಿವೆಲ್ ಪಿಟಿಎಂ7950 ಹಾಳೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ತಗ್ಗುಗಳಿಗೆ ಇಳಿಯುವ ಇದು ಪೇಸ್ಟ್‌ನಂತೆ ಬೇಗ ಅಂಚಿಗೆ ಸರಿದುಹೋಗುವುದಿಲ್ಲ. ಹಾಕಿದ ಮೇಲೆ ಕೆಲವು ಸಲ ಬಿಸಿಯಾಗಿ ತಣಿಯಬೇಕು, ಮೊದಲ ಪರೀಕ್ಷೆಯ ಸಂಖ್ಯೆ ನೋಡಿ ನಿರಾಶರಾಗಬೇಡಿ.

ಹೀಟ್‌ಸಿಂಕ್‌ನ ಕೆಳಗೆ ಮೆಮೊರಿ, ವಿಆರ್‌ಎಂ ಮೇಲೆ ಕೂರುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಹರಿಯದೆ ಇದ್ದಲ್ಲೇ ಉಳಿಸಿ. ಹರಿದರೆ ಅದೇ ದಪ್ಪದ್ದನ್ನು (0.5, 1, 1.5 ಮಿಲಿಮೀಟರ್) ತನ್ನಿ. 1 ಇದ್ದಲ್ಲಿ 1.5 ಹಾಕಿದರೆ ಹೀಟ್‌ಸಿಂಕ್ ಮೇಲೆದ್ದು ಪ್ರೊಸೆಸರ್‌ಗೇ ತಾಗುವುದಿಲ್ಲ. ಪೇಸ್ಟ್ ಹಾಕಿದ ಮೇಲೆ ಬಿಸಿ ಇನ್ನೂ ಹೆಚ್ಚಾಯಿತು ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಇಂಟೆಲ್ ಪೆಟ್ಟಿಗೆಯ ಜೊತೆ ಬರುವ ಕೂಲರ್‌ನ ನಾಲ್ಕು ಕಾಲುಗಳನ್ನು ಎದುರುಬದುರು ಜೋಡಿಯಾಗಿ ಒತ್ತಿ, ನಾಲ್ಕಕ್ಕೂ ಟಕ್ ಎಂಬ ಸದ್ದು ಕೇಳಬೇಕು. ಬೋರ್ಡಿನ ಹಿಂಬದಿಯಿಂದ ನೋಡಿದರೆ ಬಿಳಿ ತುದಿ ಅರಳಿ ಅದರ ನಡುವೆ ಕಪ್ಪು ಪಿನ್ ಹೊಕ್ಕಿರಬೇಕು. ಒಂದು ಕಾಲು ಕೂರದಿದ್ದರೂ ಮತ್ತೆ ಎರಡು ಸೆಕೆಂಡಿಗೆ 95. ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಪಿನ್ನಿಗೇ ಹಾಕಿ.

## ಹಂತ 6: ವ್ಯಾಟ್ ಮತ್ತು ವೋಲ್ಟೇಜ್

ವ್ಯಾಟ್ ಬೇಲಿಯವರಿಗೂ, ಎಲ್ಲ ಮಾಡಿಯೂ ಬಿಸಿ ಇಳಿಯದವರಿಗೂ ಈ ಹಂತ. ಪ್ರೊಸೆಸರ್ ಕೆಲಸಕ್ಕೆ ತಿನ್ನುವ ವ್ಯಾಟ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ. 10 ಇಳಿಸಿದರೆ ಅದೇ ವೇಗಕ್ಕೆ ವ್ಯಾಟ್ ಸುಮಾರು ಶೇ. 19 ಇಳಿಯುತ್ತದೆ. ಉಳಿದ ವ್ಯಾಟನ್ನು ಬೂಸ್ಟ್ ಬಳಸಿಕೊಳ್ಳುತ್ತದೆ.

ರೈಜೆನ್ 5000 ಮತ್ತು ಮುಂದಿನ ಡೆಸ್ಕ್‌ಟಾಪ್ ಚಿಪ್‌ಗಳು: ಬೋರ್ಡಿನಲ್ಲಿ ಆಯ್ಕೆಯಿದ್ದರೆ ಬಯೋಸ್‌ನ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಅಡಿಯಲ್ಲಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್, ನೆಗೆಟಿವ್, 10 ಎಂದು ಶುರು ಮಾಡಿ. ಎರಡು-ಮೂರು ದಿನ ಮಾಮೂಲಿ ಕೆಲಸ ಮಾಡಿ, ಸರಿಯಿದ್ದರೆ ಐದೈದು ಹೆಚ್ಚಿಸಿ. ಮೊದಲ ದಿನವೇ 30 ಹಾಕಿದವರ ಮಷೀನು ಸಿನೆಬೆಂಚ್‌ನಲ್ಲಿ ಪಾಸಾಗಿ, ರಾತ್ರಿ ಸುಮ್ಮನಿದ್ದಾಗ ರೀಸ್ಟಾರ್ಟ್ ಆಗುತ್ತದೆ. ಏಕೆಂದರೆ ಈ ಹೊಂದಾಣಿಕೆ ಹಗುರ ಹೊರೆಯ, ಒಂದೇ ಕೋರ್ ತುದಿಗೆ ಓಡುವ ಹೊತ್ತಿನಲ್ಲಿ ಹೆಚ್ಚು ಎಡವುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ, ಹಾರ್ಡ್‌ವೇರ್ ದೋಷಗಳನ್ನು ಬರೆದಿಡುವ ಡಬ್ಲ್ಯುಎಚ್‌ಇಎ ಲಾಗರ್ ಹೆಸರಿನ 18 ಅಥವಾ 19ನೇ ಸಂಖ್ಯೆಯ ದಾಖಲೆ ಕಂಡರೆ ಐದು ಹಿಂದಕ್ಕೆ ಬನ್ನಿ.

ಇಂಟೆಲ್ ಡೆಸ್ಕ್‌ಟಾಪ್: ಬಯೋಸ್‌ನಲ್ಲಿ ಮಲ್ಟಿಕೋರ್ ಎನ್‌ಹ್ಯಾನ್ಸ್‌ಮೆಂಟ್ ಮೊದಲಾದ ಹೆಸರಿನ ಆಯ್ಕೆ ಚಾಲೂ ಇದ್ದರೆ ಬೋರ್ಡು ವ್ಯಾಟ್ ಮಿತಿಯನ್ನೇ ತೆಗೆದುಹಾಕಿರುತ್ತದೆ. ಅದನ್ನು ಆರಿಸಿ, ಪಿಎಲ್1, ಪಿಎಲ್2ಗಳನ್ನು ಇಂಟೆಲ್ ಹೇಳಿದ ಸಂಖ್ಯೆಗೆ ತನ್ನಿ. ಬಿಸಿಗೆ ತಲೆ ಚಚ್ಚಿಕೊಂಡು ಮೇಲೆ ಕೆಳಗೆ ಕುಣಿಯುವ ವೇಗಕ್ಕಿಂತ ಸ್ವಲ್ಪ ಕಡಿಮೆ ವ್ಯಾಟ್‌ನಲ್ಲಿ ನಿಂತು ಓಡುವ ವೇಗ ಮೇಲು. ಬಿಸಿಯಲ್ಲಿ ಅವಕಾಶವಿದ್ದು, ಬೋರ್ಡಿನ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇದ್ದರೆ ಮಾತ್ರ ಪಿಎಲ್1 ಏರಿಸಬಹುದು, ಒಂದು ಸಲಕ್ಕೆ 10 ವ್ಯಾಟ್.

ಲ್ಯಾಪ್‌ಟಾಪ್: 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ಇಳಿಸುವ ದಾರಿಗೆ ಬೀಗ ಬಿದ್ದಿದೆ. ಅದಕ್ಕಾಗಿ ಹಳೆಯ ಬಯೋಸ್‌ಗೆ ಹಿಂದಿರುಗುವ ಸಾಹಸ ಬೇಡ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಸಿಪಿಯು, ಗ್ರಾಫಿಕ್ಸ್ ಎರಡೂ ಒಂದೇ ತಾಮ್ರದ ಕೊಳವೆ ಹಂಚಿಕೊಂಡಿರುತ್ತವೆ. ಸಿಪಿಯು ವ್ಯಾಟ್ ಸ್ವಲ್ಪ ಇಳಿಸಿದರೆ ಗ್ರಾಫಿಕ್ಸ್‌ಗೆ ಜಾಗ ಸಿಕ್ಕಿ ಆಟ ಸರಾಗವಾಗುವುದುಂಟು. ಪಿಎಲ್1 ಬಯೋಸ್‌ನಲ್ಲೇ ಕಟ್ಟಿಹಾಕಿದ್ದರೆ ಅದೇ ಆ ಲ್ಯಾಪ್‌ಟಾಪಿನ ವೇಗ.

## ಹಂತ 7: ಮತ್ತೆ ಅಳೆದು ಹೋಲಿಸಿ

ಒಂದು ಬದಲಾವಣೆ, ಒಂದು ಅಳತೆ. ಧೂಳು, ಪೇಸ್ಟ್, ವೋಲ್ಟೇಜ್ ಮೂರನ್ನೂ ಒಂದೇ ಸಂಜೆ ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ತಿಳಿಯದು.

ಹೋಲಿಸುವಾಗ ಬರಿಯ ಸಿಪಿಯು ಬಿಸಿಯನ್ನು ನೋಡದೆ, ಅದರಿಂದ ಕೋಣೆಯ ಬಿಸಿಯನ್ನು ಕಳೆಯಿರಿ. ವ್ಯಾಟ್ ಮತ್ತು ಫ್ಯಾನಿನ ವೇಗ ಅಷ್ಟೇ ಇದ್ದರೆ ಕೋಣೆ ಒಂದು ಡಿಗ್ರಿ ಏರಿದಾಗ ಚಿಪ್ ಕೂಡ ಸರಿಸುಮಾರು ಒಂದು ಡಿಗ್ರಿ ಏರುತ್ತದೆ. ಡಿಸೆಂಬರಿನ 24 ಡಿಗ್ರಿಯ ಕೋಣೆಯಲ್ಲಿ 84 ತೋರಿದ ಮಷೀನಿನ ವ್ಯತ್ಯಾಸ 60. ಅದೇ ಮಷೀನು ಮೇ ತಿಂಗಳಲ್ಲಿ ಕಲಬುರಗಿಯ ಅಥವಾ ರಾಯಚೂರಿನ 38 ಡಿಗ್ರಿಯ ಕೋಣೆಯಲ್ಲಿ 98 ತೋರಿಸುತ್ತದೆ. ಏನೂ ಕೆಟ್ಟಿಲ್ಲ, ವ್ಯತ್ಯಾಸ ಈಗಲೂ 60. ಆದರೆ 100ರ ಗಡಿಗೆ ಎರಡೇ ಡಿಗ್ರಿ ಉಳಿದಿರುವುದರಿಂದ ಬೂಸ್ಟ್ ಅಲ್ಲಿ ಮುಗ್ಗರಿಸುತ್ತದೆ. ಬಿಸಿಲ ನಾಡಿನವರು ಚಳಿಗಾಲದಲ್ಲಿ ಅಳೆದಾಗ ವ್ಯತ್ಯಾಸವನ್ನು 50ರೊಳಗೆ ತರಲು ನೋಡಬೇಕು. ಆಗದಿದ್ದರೆ ಬೇಸಿಗೆಗೆ ವ್ಯಾಟ್ ಮಿತಿಯನ್ನು 10-15 ಇಳಿಸಿಟ್ಟುಕೊಳ್ಳಬೇಕು.

ಈ ವ್ಯತ್ಯಾಸದ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದಿಡಿ. ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಓಡಿಸಿ. ಅದೇ ವ್ಯಾಟ್‌ಗೆ ವ್ಯತ್ಯಾಸ 8-10 ಡಿಗ್ರಿ ಹೆಚ್ಚಿದ್ದರೆ ಮೊದಲು ನಾಲ್ಕನೇ ಹಂತ, ಆಮೇಲೆ ಐದನೆಯದು. ಫ್ಯಾನಿನಿಂದ ಗರಗರ ಸದ್ದು ಬಂದರೆ, ಬಯೋಸ್ ಪರದೆಯಲ್ಲೇ ಬಿಸಿ 80 ದಾಟಿದರೆ, ಪರೀಕ್ಷೆಯ ನಡುವೆ ಮಷೀನು ತಾನಾಗಿ ಆರಿಹೋದರೆ ಆರು ತಿಂಗಳು ಕಾಯಬೇಡಿ. ಸುಟ್ಟ ವಾಸನೆ ಬಂದರಂತೂ ಮತ್ತೆ ಆನ್ ಮಾಡಿ ನೋಡುವ ಗೋಜಿಗೇ ಹೋಗದೆ ಪ್ಲಗ್ ಕಿತ್ತಿಡಿ.